ಕಾಳಗ ಜಟಿಲವಾದರೆ ಗ್ರೈಂಡಿಂಗ್ ತಪ್ಪುತ್ತದೆಯೇ?

ಪ್ರಶ್ನೆ: ಬರಲಿರುವ ಆರ್‌ಪಿಜಿಯೊಂದರಲ್ಲಿ (ಪಾತ್ರವನ್ನು ಬೆಳೆಸುತ್ತಾ ಆಡುವ ವಿಡಿಯೊ ಗೇಮ್) ಕಾಂಬೊ (ಏಟುಗಳ ಸರಣಿ), ಪ್ಯಾರಿ (ಸರಿಯಾದ ಕ್ಷಣಕ್ಕೆ ಏಟು ತಡೆಯುವುದು) ಎಲ್ಲ ಇದೆಯಂತೆ. ಹಾಗಾದರೆ ಲೆವೆಲ್ ಏರಿಸಲು ಅದದೇ ಶತ್ರುಗಳನ್ನು ಬಡಿಯುವ ಕಾಟ, ಅಂದರೆ ಗ್ರೈಂಡಿಂಗ್, ಇರುವುದಿಲ್ಲ ಅಲ್ವಾ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಅಷ್ಟು ಬೇಗ ಖುಷಿಪಡಬೇಡಿ. ಗ್ರೈಂಡಿಂಗ್ ಹುಟ್ಟುವುದು ಏಟಿನ ಲೆಕ್ಕದಲ್ಲಿ. ದಾಳಿಯಿಂದ ರಕ್ಷಣೆಯನ್ನು ಕಳೆಯುವ ಸೂತ್ರವಿದೆ ಎನ್ನಿ. ನಿಮ್ಮ ದಾಳಿ 50, ಶತ್ರುವಿನ ರಕ್ಷಣೆ 45, ಏಟಿಗೆ 5. ಜೀವ 200 ಇದ್ದರೆ 40 ಏಟು. ದಾಳಿ 60 ಆದೊಡನೆ ಏಟಿಗೆ 15, ಹದಿನಾಲ್ಕರಲ್ಲಿ ಕಥೆ ಮುಗಿಯಿತು! ಇಂಥ ಕಡೆ ಕಾಂಬೊ ಕಲಿಯುವುದಕ್ಕಿಂತ ಲೆವೆಲ್ ಏರಿಸುವುದೇ ಲಾಭ. ದಾಳಿಯನ್ನು ರಕ್ಷಣೆಯಿಂದ ಭಾಗಿಸುವ ಸೂತ್ರದಲ್ಲಾದರೆ ಅದೇ 10 ಅಂಕಕ್ಕೆ ಏಟಿನ ಬಲ ಹೆಚ್ಚುವುದು ಶೇ 20 ಮಾತ್ರ. ಆಗ ಪ್ಯಾರಿಗೆ ಬೆಲೆ.

ಲೆವೆಲ್ ಏರಲು ಗಳಿಸಬೇಕಾದ ಅನುಭವದ ಅಂಕಗಳನ್ನೂ, ಅಂದರೆ ಎಕ್ಸ್‌ಪಿಯನ್ನೂ, ನೋಡಿ; ಮೇಲೇರಿದಷ್ಟೂ ಹೆಚ್ಚು ಬೇಕಾಗಬಹುದು. ಪೊಕೆಮಾನ್‌ನ ಒಂದು ಬೆಳವಣಿಗೆ ವರ್ಗದಲ್ಲಿ ಒಟ್ಟು ಎಕ್ಸ್‌ಪಿ ಎಂದರೆ ಲೆವೆಲ್‌ನ ಘನ: 10ರಿಂದ 11ಕ್ಕೆ 331, 50ರಿಂದ 51ಕ್ಕೆ 7,651.

ಡೆಮೊ ಸಿಕ್ಕರೆ ದಾಳಿಯ ಬಟನ್ ಒಂದನ್ನೇ ಒತ್ತುತ್ತಾ ಹೋಗಿ. ಅಷ್ಟಕ್ಕೇ ಗೆದ್ದರೆ ಜಟಿಲತೆಯೆಲ್ಲ ಬರೀ ವೇಷ, ಕುಣಿತವಿಲ್ಲ. ಬಾಸ್ (ದೊಡ್ಡ ಶತ್ರು) ಎದುರು ಸೋತರೆ ಲೆವೆಲ್ ಏರಿಸದೆ ಮೂರು ಸಲ ತಂತ್ರ ಬದಲಿಸಿ. ಪ್ರತಿಸಲ ಅವನ ಜೀವ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತಿದ್ದರೆ ಅಲ್ಲಿ ತಂತ್ರಕ್ಕಿಂತ ಲೆವೆಲ್‌ಗೇ ಬೆಲೆ; ಮುಂಗಡ ಬುಕಿಂಗ್‌ಗೆ ಅವಸರ ಬೇಡ.