ಎತ್ತಿದ ಕೈಗಳನ್ನು ಎಣಿಸಬೇಡಿ

ಗದಗ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ವರ್ಷದಿಂದ ಸಮಿತಿಯವರು ತಿಂಗಳಿಗೊಂದು ವರದಿ ನಮೂನೆ ಕೊಟ್ಟಿದ್ದಾರೆ. ಹಾಜರಿ, ಬಾಯಿಪಾಠವಾದ ವಾಕ್ಯಗಳು, ಇವುಗಳ ಜೊತೆಗೆ 'ಯೇಸುವನ್ನು ಅಂಗೀಕರಿಸಿದ ಮಕ್ಕಳ ಸಂಖ್ಯೆ' ಎಂಬ ಅಂಕಣವೂ ಇದೆ. ಅದನ್ನು ತುಂಬಿಸಲು ಪಾಠದ ಕೊನೆಗೆ ಕಣ್ಣು ಮುಚ್ಚಿಸಿ ಕೈ ಎತ್ತಿಸುತ್ತೇವೆ. ಐದು ವರ್ಷದ ಹುಡುಗನೊಬ್ಬ ಪ್ರತಿ ವಾರವೂ ಎತ್ತುತ್ತಾನೆ. ಯಾಕಪ್ಪಾ ಎಂದು ಕೇಳಿದರೆ 'ಹೋದ ವಾರ ಬಂದ ಯೇಸಪ್ಪ ಹೊರಟುಹೋಗಿರಬಹುದು' ಎಂದ. ನರಕದ ಪಾಠ ಮಾಡಿದ ಮೇಲೆ ಇನ್ನೊಂದು ಮಗು ರಾತ್ರಿ ಬೆಂಕಿ ಬೆಂಕಿ ಎಂದು ಅಳುತ್ತಿದೆಯೆಂದು ತಾಯಿ ಹೇಳಿದರು. ಇಷ್ಟು ಚಿಕ್ಕವರ ಆತ್ಮಿಕ ಬೆಳವಣಿಗೆಯನ್ನು ಅಳೆಯುವುದು ಹೇಗೆ? ನಾನು ಏನನ್ನು ಕಲಿಸಲಿ?"

ಸಹೋದರಿಯವರೇ, ವಂದನೆಗಳು.

ಆ ಅಂಕಣವನ್ನು ಖಾಲಿ ಬಿಡಿ. ಸೊನ್ನೆಯನ್ನೂ ಬರೆಯಬೇಡಿ. ಸೊನ್ನೆ ಬರೆದರೆ ಯಾರೂ ಅಂಗೀಕರಿಸಲಿಲ್ಲ ಎಂದಾಗುತ್ತದೆ, ಅದೂ ಸುಳ್ಳೇ. ಸಮಿತಿಯವರು ಕೇಳಿದರೆ ಈ ಪುಟವನ್ನು ತೋರಿಸಿ.

ನಿಮ್ಮ ಹುಡುಗ ಕೊಟ್ಟ ಉತ್ತರವನ್ನು ನಾನು ಕಚೇರಿಯಲ್ಲಿ ಇಬ್ಬರಿಗೆ ಓದಿ ಹೇಳಿದೆ, ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಐದು ವರ್ಷದ ಮಗು ಸರಿಯಾಗಿಯೇ ತರ್ಕ ಮಾಡಿದೆ. ಪ್ರತಿ ಭಾನುವಾರ ಕರೆಯಬೇಕಾದವರು ಪ್ರತಿ ಸೋಮವಾರ ಹೊರಟುಹೋಗುವವರೇ ಇರಬೇಕಲ್ಲವೇ? ಯೇಸು ಬಿಟ್ಟು ಹೋಗುವವನು ಎಂದು ನೀವು ಬಾಯಿಬಿಟ್ಟು ಹೇಳಲಿಲ್ಲ, ನಿಮ್ಮ ಪದ್ಧತಿ ಹೇಳಿತು. ಈ ವಯಸ್ಸಿನ ಮಕ್ಕಳು ಪಾಠವನ್ನು ಮರೆಯುತ್ತಾರೆ, ಪದ್ಧತಿಯನ್ನು ಮರೆಯುವುದಿಲ್ಲ. ಅಲ್ಲದೆ ಟೀಚರ್ ಹೇಳಿದಾಗ ಕೈ ಎತ್ತುವುದು ನಾಲ್ಕು ವರ್ಷದವರಿಗೆ ಸಹಜ. ಪಕ್ಕದವಳು ಎತ್ತಿದಳೆಂದು ಎತ್ತುತ್ತಾರೆ, ಟೀಚರಿಗೆ ಸಂತೋಷವಾಗಲಿ ಎಂದು ಎತ್ತುತ್ತಾರೆ. ಬೇರೆ ಯಾವ ಪ್ರಶ್ನೆ ಕೇಳಿದ್ದರೂ ಅಷ್ಟೇ ಕೈಗಳು ಮೇಲೇಳುತ್ತಿದ್ದವು.

ನಿಮ್ಮದು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆ ಎಂದು ಪತ್ರದಿಂದ ತಿಳಿಯುತ್ತದೆ. ಈ ಮಕ್ಕಳಲ್ಲಿ ಹೆಚ್ಚಿನವರನ್ನು ನಿಮ್ಮ ಅಯ್ಯನವರೇ ಎತ್ತಿಕೊಂಡು ನೀರು ಹಾಕಿ, ಇದು ನಮ್ಮ ಕೂಸು ಎಂದು ಸಭೆಯ ಮುಂದೆ ಹೇಳಿದ್ದಾರೆ. ಬೆಳೆಸುತ್ತೇವೆಂದು ಸಭೆಯೂ ಎದ್ದು ನಿಂತು ಮಾತು ಕೊಟ್ಟಿದೆ. ನಾಲ್ಕು ವರ್ಷ ಕಳೆದ ಮೇಲೆ ಅದೇ ಮಗುವನ್ನು ಹೊರಗಿನಿಂದ ಒಳಗೆ ಬರುವವರಂತೆ ವಾರವಾರವೂ ಕರೆಯುವುದು ಯಾವ ನ್ಯಾಯ? ನಂಬುತ್ತೇನೆಂದು ತಾನಾಗಿ ತನ್ನ ಬಾಯಿಂದ ಸಭೆಯ ಮುಂದೆ ಹೇಳುವ ವಿಧಿಗೆ, ಅಂದರೆ ದೃಢೀಕರಣಕ್ಕೆ, ಮುಂದೆ ವಯಸ್ಸು ಬರುತ್ತದೆ. ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಸಭೆಗಳವರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ವಾದ ಇನ್ನೂ ಸುಲಭ: ನೀರಿಗೆ ಇಳಿಸಲು ಯಾವ ಮಗುವಿನ ತಿಳಿವಳಿಕೆ ಸಾಲದು ಎನ್ನುತ್ತೀರೋ, ಆ ಮಗುವಿನ ಎತ್ತಿದ ಕೈಯನ್ನು ವರದಿಯಲ್ಲಿ ಏಕೆ ಸೇರಿಸುತ್ತೀರಿ?

ಇದು ಹೊಸ ಜಗಳವೂ ಅಲ್ಲ. 1847ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ಸಭಾಪಾಲಕ ಹೊರೇಸ್ ಬುಷ್‌ನೆಲ್, ಕ್ರೈಸ್ತ ಮನೆಯ ಮಗು ತಾನು ಎಂದೂ ಬೇರೆಯವನಾಗಿದ್ದೆ ಎಂಬ ನೆನಪೇ ಇಲ್ಲದಂತೆ ಕ್ರೈಸ್ತನಾಗಿ ಬೆಳೆಯಬೇಕು ಎಂದು ಬರೆದರು. ಉಜ್ಜೀವನ ಕೂಟಗಳ ಕಾಲವದು. ಕಣ್ಣೀರಿನಿಂದ ಮುಂದೆ ಬಂದು ಮೊಣಕಾಲೂರಿದವರನ್ನು ಲೆಕ್ಕ ಹಿಡಿಯುತ್ತಿದ್ದ ದಿನಗಳು. ಎಷ್ಟು ಗದ್ದಲವಾಯಿತೆಂದರೆ ಆ ಪುಸ್ತಕವನ್ನು ಅಚ್ಚು ಹಾಕಿಸಿದ ಸಂಸ್ಥೆಯೇ ಅದನ್ನು ಹಿಂದೆಗೆದುಕೊಂಡಿತು. ಬುಷ್‌ನೆಲ್ ಹೇಳಿದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ, ಈ ಒಂದು ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ.

ಹಾಜರಿ, ಅಂಕ, ಬಹುಮಾನ, ಇವೆಲ್ಲ ನಮ್ಮಲ್ಲಿಗೆ ಬಂದದ್ದು ಹೇಗೆ ಎಂಬುದನ್ನೂ ನಿಮ್ಮ ಸಮಿತಿಯವರು ತಿಳಿದಿರುವುದು ಒಳ್ಳೆಯದು. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ 1780ರಲ್ಲಿ ಭಾನುವಾರದ ಶಾಲೆ ನಡೆಸಲು ಹಣ ಹಾಕಿದವರು ರಾಬರ್ಟ್ ರೈಕ್ಸ್. ಅವರು ಪತ್ರಿಕೆಯ ಒಡೆಯರು, ನಮ್ಮದೇ ಕಸುಬಿನವರು, ಆದ್ದರಿಂದ ಸ್ವಲ್ಪ ಅಭಿಮಾನದಿಂದಲೇ ಹೇಳುತ್ತಿದ್ದೇನೆ. ವಾರದ ಆರು ದಿನ ಕೆಲಸಕ್ಕೆ ಹೋಗುತ್ತಿದ್ದ ಬಡ ಮಕ್ಕಳಿಗೆ ಬಿಡುವಿದ್ದದ್ದು ಅದೊಂದೇ ದಿನ. ಸತ್ಯವೇದವನ್ನೇ (ಬೈಬಲನ್ನೇ) ಪಠ್ಯವಾಗಿಟ್ಟುಕೊಂಡು ಅವರಿಗೆ ಅಕ್ಷರ ಕಲಿಸಿದರು. ಅಕ್ಷರ ಬಂತೋ ಇಲ್ಲವೋ ಎಂದು ಪರೀಕ್ಷಿಸಬಹುದು, ಬಂದವರಿಗೆ ಬಹುಮಾನ ಕೊಡಬಹುದು. ಅಕ್ಷರ ಕಲಿಸುವ ಕೆಲಸ ಈಗ ದಿನದ ಶಾಲೆಗೆ ಹೋಗಿದೆ, ಪರೀಕ್ಷೆಯ ಚಟ ಮಾತ್ರ ಭಾನುವಾರದಲ್ಲೇ ಉಳಿದುಕೊಂಡಿದೆ.

ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಬರುತ್ತೇನೆ. ಸಮುವೇಲನ ಕಥೆಯನ್ನು ನೀವು ಎಷ್ಟೋ ಸಲ ಹೇಳಿರುತ್ತೀರಿ, ಆದರೆ ಸಮುವೇಲನ ಮೊದಲನೆಯ ಪುಸ್ತಕದ ಮೂರನೆಯ ಅಧ್ಯಾಯದ ಏಳನೆಯ ವಚನವನ್ನು ಬೋಧಕರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಸಮುವೇಲನು ಆಗ ಯೆಹೋವನನ್ನು ಇನ್ನೂ ಅರಿತಿರಲಿಲ್ಲ ಎನ್ನುತ್ತದೆ ಅದು. ಹಾಗಿದ್ದರೂ ಅವನು ಶೀಲೋವಿನ ಆಲಯದಲ್ಲೇ ಮಲಗುತ್ತಿದ್ದ, ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದ, ಯಾಜಕರು ತೊಡುವ ಏಫೋದು ಎಂಬ ಉಡುಪನ್ನು ಪುಟ್ಟದಾಗಿ ಉಟ್ಟು ಸೇವೆ ಮಾಡುತ್ತಿದ್ದ. ಅರಿವಿಗೆ ಮೊದಲೇ ಒಡನಾಟವಿತ್ತು. ಇನ್ನೂ ಯಾಕೆ ಅರಿತಿಲ್ಲ ಎಂದು ಯಾರೂ ಅವನನ್ನು ಗದರಿಸಲಿಲ್ಲ. ದೇವರ ಕರೆಯನ್ನು ಮುದಿ ಯಾಜಕ ಏಲಿಯ ಕರೆಯೆಂದುಕೊಂಡು ಮಗು ರಾತ್ರಿ ಮೂರು ಸಲ ಎದ್ದು ಓಡಿ ಬಂದಾಗ ಏಲಿ ಏನು ಮಾಡಿದ? ಕರೆಯುತ್ತಿರುವವನು ದೇವರು ಎಂದು ಗೊತ್ತಾದ ಮೇಲೂ ದೇವರು ಏನು ಹೇಳುತ್ತಾನೆಂದು ಮುಂಚಿತವಾಗಿ ಹೇಳಿಕೊಡಲಿಲ್ಲ, ಜೊತೆಗೆ ಹೋಗಿ ಪಕ್ಕದಲ್ಲಿ ನಿಲ್ಲಲೂ ಇಲ್ಲ. ಹೋಗಿ ಮಲಗು, ಮತ್ತೆ ಕರೆದರೆ ಹೀಗೆ ಉತ್ತರ ಕೊಡು ಎಂದಷ್ಟೇ ಹೇಳಿ ಕಳುಹಿಸಿದ. ಬೋಧಕರ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ, ಅದೂ ತನ್ನ ಸ್ವಂತ ಮಕ್ಕಳನ್ನು ತಿದ್ದಲಾಗದ ಮುದುಕನಿಂದ! ಇನ್ನು ತಾಯಿ ಹನ್ನಳು ವರ್ಷಕ್ಕೊಮ್ಮೆ ಚಿಕ್ಕ ನಿಲುವಂಗಿ ಹೊಲಿದು ತರುತ್ತಿದ್ದಳು. ಮಗುವಿನ ಬೆಳವಣಿಗೆಗೆ ಆ ಅಧ್ಯಾಯಗಳಲ್ಲಿ ಕಾಣುವ ಅಳತೆ ಅದೊಂದೇ.

ಆದ್ದರಿಂದ ಅಳೆಯಬೇಡಿ, ಗಮನಿಸಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಮಕ್ಕಳು ಕೇಳಿದ ಪ್ರಶ್ನೆಗಳನ್ನೂ ಅವರು ಸ್ವಂತವಾಗಿ ಮಾಡಿದ ಪ್ರಾರ್ಥನೆಗಳನ್ನೂ ಬರೆದುಕೊಳ್ಳಿ. ಯಾವ ಮಗು ಯಾವ ಕಥೆಯನ್ನು ಮತ್ತೆ ಹೇಳಿ ಎಂದು ಪೀಡಿಸಿತು, ಯಾವುದು ಚಿತ್ರ ಬರೆಯುವಾಗ ಯೇಸುವಿನ ಪಕ್ಕದಲ್ಲಿ ಯಾರನ್ನು ನಿಲ್ಲಿಸಿತು ಎಂಬುದನ್ನು ಬರೆದುಕೊಳ್ಳಿ. ಆ ಪುಸ್ತಕ ನಿಮಗೆ ಮಾತ್ರ ಇರಲಿ, ಸಮಿತಿಗೆ ಬೇಡ.

ಏನನ್ನು ಕಲಿಸಲಿ ಎಂದಿದ್ದೀರಿ. ಕುರುಬನ ಕಥೆಯಿಂದ ಆರಂಭಿಸಿ. ರೋಮ್‌ನಲ್ಲಿ ಸೋಫಿಯಾ ಕವಲೆಟ್ಟಿ ಎಂಬ ಹೀಬ್ರೂ ವಿದ್ವಾಂಸೆ 1954ರಲ್ಲಿ ಜಾನ್ನಾ ಗೋಬ್ಬಿ ಎಂಬ ಮಾಂಟೆಸ್ಸರಿ ಶಿಕ್ಷಕಿಯ ಜೊತೆಗೂಡಿ ಚಿಕ್ಕ ಮಕ್ಕಳ ಧಾರ್ಮಿಕ ಶಿಕ್ಷಣಕ್ಕೆ ತೊಡಗಿದರು. ಅವರದು ಕಥೊಲಿಕ ಸಂಪ್ರದಾಯ, ನಮ್ಮದು ಬೇರೆ, ಆದರೆ ಮಕ್ಕಳನ್ನು ಕೂತು ನೋಡುವ ತಾಳ್ಮೆಗೆ ಪಂಗಡವಿಲ್ಲ. ಆರು ವರ್ಷದೊಳಗಿನವರನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟದ್ದು ಒಳ್ಳೆಯ ಕುರುಬನ ಸಾಮ್ಯ, ಅದರಲ್ಲೂ ಹೆಸರು ಹಿಡಿದು ಕರೆಯುತ್ತಾನೆ ಎಂಬ ಭಾಗ, ಎಂದು ಅವರು ಕಂಡುಕೊಂಡರು. ಆ ವಯಸ್ಸಿನವರ ಪ್ರಾರ್ಥನೆಯಲ್ಲಿ ಬೇಡಿಕೆಗಿಂತ ಸ್ತುತಿ, ಕೃತಜ್ಞತೆಗಳೇ ಹೆಚ್ಚು ಎಂಬುದನ್ನೂ ಗುರುತಿಸಿದರು. ಮಾಡು, ಮಾಡಬೇಡ ಎಂಬ ನೀತಿಪಾಠವನ್ನು ಆರರ ನಂತರಕ್ಕೆ ಬಿಟ್ಟರು. ಪ್ರೀತಿಸುವವರು ಯಾರೆಂದು ಗೊತ್ತಾದ ಮೇಲಲ್ಲವೇ ಮಾತು ಕೇಳುವ ವಿಷಯ!

ನಿಮ್ಮ ಸೀಮೆಯಲ್ಲಿ ಇದು ರೋಮ್‌ಗಿಂತ ಸುಲಭ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವುದನ್ನು ನಿಮ್ಮ ಮಕ್ಕಳು ಕಂಡಿದ್ದಾರೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಈಗಷ್ಟೇ ಹುಟ್ಟಿದ ಮರಿ, ಹಿಂದೆ ದೂಳೆಬ್ಬಿಸುವ ಹಿಂಡು. ಪಠ್ಯದ ಜೊತೆಗೆ ಬರುವ ಬಣ್ಣದ ಚಿತ್ರಗಳಲ್ಲಿ ಹಸಿರು ಗುಡ್ಡವೂ ಹತ್ತಿಯಂತೆ ಬೆಳ್ಳಗಿನ ಕುರಿಯೂ ಇರುತ್ತವೆ. ಅವನ್ನು ಪಕ್ಕಕ್ಕಿಡಿ. ನಮ್ಮ ದಖನ್ನಿನ ಕರಿ ಕುರಿಯನ್ನೇ ಬರೆಯಿಸಿ. ಸಾಧ್ಯವಾದರೆ ಒಬ್ಬ ಕುರುಬಣ್ಣನನ್ನು ಕರೆಸಿ, ಒಂದು ಮರಿ ತಪ್ಪಿಹೋದರೆ ಏನು ಮಾಡುತ್ತೀರಿ ಎಂದು ಮಕ್ಕಳಿಂದಲೇ ಕೇಳಿಸಿ. ಆಮೇಲೆ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂಬ ಸಾಲನ್ನು ಹೇಳಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಸತ್ಯವೇದದ ಕನ್ನಡ ಕಷ್ಟ ಎಂಬ ದೂರು ನಮಗೆ ಬರುತ್ತಲೇ ಇರುತ್ತದೆ. ಈ ಸಾಲು ಯಾರಿಗೂ ಕಷ್ಟವಲ್ಲ. ತಿಂಗಳಿಡೀ ಅದೊಂದೇ ಸಾಲು ಸಾಕು. ಬಾಯಿಪಾಠ ಒಪ್ಪಿಸಿದವರಿಗೆ ಚಾಕಲೇಟು ಬೇಡ, ಕೊಡುವುದಾದರೆ ಎಲ್ಲರಿಗೂ ಕೊಡಿ.

ಕೆಲವು ಕಥೆಗಳು ಕಾಯಲಿ. ಇಸಾಕನನ್ನು ಬಲಿಗೆ ಕರೆದೊಯ್ದದ್ದನ್ನು ನಾಲ್ಕು ವರ್ಷದ ಮಗು ಅಪ್ಪ ಕತ್ತಿ ಎತ್ತಿದ ಕಥೆಯಾಗಿಯೇ ಕೇಳುತ್ತದೆ. ನೋಹನ ನಾವೆಯನ್ನು ಗೋಡೆಯ ಮೇಲೆ ಜಿರಾಫೆ ಸಮೇತ ಬಣ್ಣದಲ್ಲಿ ಬರೆಸುತ್ತೇವೆ, ಹೊರಗೆ ಉಳಿದವರು ಏನಾದರು ಎಂದು ಯಾವುದಾದರೂ ಮಗು ಕೇಳುವವರೆಗೆ. ಶಿಲುಬೆಯನ್ನು ಮಾತ್ರ ಮುಚ್ಚಿಡಬೇಡಿ. ನಾಲ್ಕು ಸರಳ ವಾಕ್ಯಗಳಲ್ಲಿ ಹೇಳಿ, ಪುನರುತ್ಥಾನವನ್ನು ಮುಂದಿನ ವಾರಕ್ಕೆ ಉಳಿಸದೆ ಅದೇ ದಿನ ಹೇಳಿ ಮುಗಿಸಿ.

ರಾತ್ರಿ ಅಳುವ ಮಗುವಿನ ವಿಷಯ ಅವಸರದ್ದು, ಈ ಸಂಚಿಕೆ ಕೈಸೇರಿದ ವಾರವೇ ಆ ಮನೆಗೆ ಹೋಗಿ. ಐದು ವರ್ಷದ ಮಗುವಿಗೆ ಬೆಂಕಿ ಎಂದರೆ ಅಡುಗೆಮನೆಯ ಬೆಂಕಿ. ಅದರಲ್ಲಿ ತನ್ನನ್ನೋ ತನ್ನ ಅಜ್ಜಿಯನ್ನೋ ಹಾಕುತ್ತಾರೆಂದು ಅದು ಕಣ್ಣಾರೆ ಕಾಣುತ್ತದೆ. ಸಮಾಧಾನಕ್ಕೆ ದೇವಶಾಸ್ತ್ರ ಬಿಚ್ಚಬೇಡಿ. "ಯೇಸಪ್ಪ ನಿನ್ನನ್ನು ಬಿಡುವುದಿಲ್ಲ, ನಿನ್ನ ಹೆಸರು ಅವರಿಗೆ ಗೊತ್ತು" ಎಂದು ತಾಯಿಯ ಮುಂದೆಯೇ ಹೇಳಿ, ತಾಯಿ ಪ್ರತಿ ರಾತ್ರಿ ಅದನ್ನೇ ಹೇಳಲಿ. ಅಳು ಕೆಲವು ವಾರಗಳಲ್ಲಿ ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲು ಹಿಂಜರಿಯಬೇಡಿ ಎಂದು ಹೇಳಿ, ಅದು ನಂಬಿಕೆಯ ಕೊರತೆಯಲ್ಲ. ನರಕದ ಪಾಠವನ್ನು ಈ ತರಗತಿಯಿಂದ ತೆಗೆದುಹಾಕಿ. ಸುವಾರ್ತೆಗಳಲ್ಲಿ ಯೇಸು ಆ ಕಟುವಾದ ಮಾತುಗಳನ್ನು ಆಡಿದ್ದು ದೊಡ್ಡವರೊಂದಿಗೆ. ಚಿಕ್ಕವರನ್ನು ಆತನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದ. ಬೀಸುವ ಕಲ್ಲನ್ನು ಕೊರಳಿಗೆ ಕಟ್ಟುವ ಮಾತು ಬಂದದ್ದು ಚಿಕ್ಕವರನ್ನು ಎಡವಿಸುವವರ ವಿಷಯದಲ್ಲಿ.

ಒಂದು ಗಂಟೆಯ ತರಗತಿಯ ಆಚೆಗೆ ವಾರದಲ್ಲಿ 167 ಗಂಟೆಗಳಿವೆ. ದೇವರ ಮಾತನ್ನು ಮಕ್ಕಳಿಗೆ ಕಲಿಸಲು ಸತ್ಯವೇದದ ಧರ್ಮೋಪದೇಶಕಾಂಡ ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎಂದು ಪಟ್ಟಿ ಮಾಡಿ ಹೇಳುವುದು ಆ ಗಂಟೆಗಳನ್ನೇ. ಸಮಿತಿಯವರಿಗೆ ಅಂಕಣಗಳು ಬೇಕೇಬೇಕಿದ್ದರೆ ತಾವು ಈ ತಿಂಗಳು ಎಷ್ಟು ಮನೆಗಳಿಗೆ ಹೋಗಿ ಬಂದೆವು ಎಂದು ಬರೆದುಕೊಳ್ಳಲಿ.

ಪತ್ರದ ಕೊನೆಯಲ್ಲಿ ನೆರೆಮನೆಯ ಹಿಂದೂ ಹುಡುಗಿಯೊಬ್ಬಳು ಗೆಳತಿಯ ಜೊತೆ ಬರುತ್ತಾಳೆ ಎಂದೂ ಬರೆದಿದ್ದೀರಿ. ಅವಳ ತಂದೆ ತಾಯಿಯನ್ನು ಕಂಡು, ಇಲ್ಲಿ ಏನು ಹೇಳಿಕೊಡುತ್ತೇವೆಂದು ಮುಚ್ಚುಮರೆಯಿಲ್ಲದೆ ತಿಳಿಸಿ. ಅವರು ಬೇಡವೆಂದರೆ ಬೇಡ. ಬಾಗಿಲು ತೆರೆದಿರಲಿ, ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಮಕ್ಕಳ ಫೋಟೊಗಳು ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗದಿರಲಿ. ಇದು ಯಾವ ಮನೆಯ ಮಗುವಿಗಾದರೂ ಅನ್ವಯಿಸುತ್ತದೆ.

ನಿಮ್ಮ ಸಮಿತಿಯವರಿಗೆ ನನ್ನ ಮಾತು ಒಪ್ಪಿಗೆಯಾಗದಿದ್ದರೆ ಅವರೂ ಬರೆಯಲಿ. ಇದೇ ಪುಟದಲ್ಲಿ ಇಷ್ಟೇ ಜಾಗ ಕೊಡುತ್ತೇವೆ.

ಸಂಪಾದಕ