ದೊಡ್ಡ ದುಂಡು ವಜ್ರಕ್ಕೆ ಎಂಥ ಕಟ್ಟು? ಓದುಗರ ಪ್ರಶ್ನೆ, ಪರಿಣತರ ಉತ್ತರ

ಪ್ರಶ್ನೆ: ಮಗಳ ನಿಶ್ಚಿತಾರ್ಥಕ್ಕೆ 2 ಕ್ಯಾರಟ್‌ನ ದುಂಡು ವಜ್ರ ಕೊಂಡಿದ್ದೇವೆ. ನಾಲ್ಕು ಪ್ರಾಂಗ್ (ಹರಳನ್ನು ಹಿಡಿದಿಡುವ ಲೋಹದ ಕೊಕ್ಕೆ) ಇದ್ದರೆ ಹರಳು ಎದ್ದು ಕಾಣುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಮ್ಮ ಅಕ್ಕಸಾಲಿಗರು ಆರು ಬೇಕೇ ಬೇಕು ಎಂದು ಪಟ್ಟು ಹಿಡಿದಿದ್ದಾರೆ. ಯಾರ ಮಾತು ಕೇಳುವುದು? (ಹಾಸನ)

ಉತ್ತರ: ಅಕ್ಕಸಾಲಿಗರ ಮಾತು ಕೇಳಿ. ಲೆಕ್ಕ ಹಾಕಿದರೆ ಕಾರಣ ನಿಮಗೇ ತಿಳಿಯುತ್ತದೆ. ಚೆನ್ನಾಗಿ ಕಡೆದ 2 ಕ್ಯಾರಟ್ ದುಂಡು ವಜ್ರದ ತೂಕ 0.4 ಗ್ರಾಂ, ಅಡ್ಡಳತೆ ಸುಮಾರು 8.1 ಮಿ.ಮೀ. ನಾಲ್ಕು ಪ್ರಾಂಗುಗಳಲ್ಲಿ ಒಂದು ಮೇಲೆದ್ದಿತು ಎಂದುಕೊಳ್ಳಿ. ಉಳಿದ ಮೂರರಲ್ಲಿ ಎರಡು ಹರಳಿನ ಎದುರುಬದುರು ತುದಿಗಳಲ್ಲಿ, ಅಂದರೆ ಸರಿಯಾಗಿ ಅಡ್ಡಳತೆಯ ಗೆರೆಯ ಮೇಲೆ ನಿಂತಿರುತ್ತವೆ. ಒಂದು ಬದಿ ಅರ್ಧಕ್ಕರ್ಧ ಬಯಲು. ಹರಳು ಆ ಕಡೆಗೆ ವಾಲಿ ಜಾರಿಹೋಗಲು ಏನೂ ಅಡ್ಡಿಯಿಲ್ಲ. ಆರರಲ್ಲಿ ಒಂದು ಎದ್ದರೆ ಅದರ ಅಕ್ಕಪಕ್ಕದ ಎರಡು ಪ್ರಾಂಗುಗಳ ನಡುವಿನ ಸಂದಿ ಸುಮಾರು 7 ಮಿ.ಮೀ. ಮಾತ್ರ. 8.1 ಮಿ.ಮೀ. ಅಗಲದ ಹರಳು ಆ ಸಂದಿಯಲ್ಲಿ ಹೊರಬರಲಾರದು. ಅಷ್ಟರಲ್ಲಿ ನೀವು ನೋಡಿ ಸರಿಮಾಡಿಸಬಹುದು.

ಇನ್ನೊಂದು ಮಾತು. ವಜ್ರ ಗಟ್ಟಿ ನಿಜ, ಇನ್ನೊಂದು ವಜ್ರ ಉಜ್ಜಿದ ಹೊರತು ಅದರ ಮೇಲೆ ಗೀರು ಬೀಳುವುದಿಲ್ಲ. ಆದರೆ ಪೆಟ್ಟು ಬಿದ್ದರೆ ಸೀಳುತ್ತದೆ. ಪೆಟ್ಟಿಗೆ ಮೊದಲು ಸಿಗುವುದು ಹರಳಿನ ಅತಿ ಅಗಲವಾದ ಅಂಚು, ಗರ್ಡಲ್. ನಾಲ್ಕು ಪ್ರಾಂಗಿನ ಕಟ್ಟಿನಲ್ಲಿ ಎರಡು ಪ್ರಾಂಗುಗಳ ನಡುವೆ 6 ಮಿ.ಮೀ.ಗೂ ಹೆಚ್ಚು ಅಂಚು ತೆರೆದಿರುತ್ತದೆ, ಆರರಲ್ಲಿ 4 ಮಿ.ಮೀ. ಚಿಲ್ಲರೆ. ನಾಲ್ಕರಲ್ಲಿ ಕೂತ ದುಂಡು ಹರಳು ದೂರದಿಂದ ತುಸು ಚೌಕಾಕಾರ ಕಾಣುವುದೂ ಉಂಟು. ಆರು ಪ್ರಾಂಗಿನ ಎತ್ತರದ ಕಟ್ಟು 1886ರಲ್ಲಿ ಟಿಫನಿ ಸಂಸ್ಥೆ ತಂದ ಮಾದರಿ. ಇಂದಿಗೂ ಜಗತ್ತಿನಾದ್ಯಂತ ಅದನ್ನೇ ನಕಲು ಮಾಡುತ್ತಿದ್ದಾರೆ. ಬೆಳಕು ಮುಚ್ಚಿಹೋಗುತ್ತದೆ ಎಂಬ ಹೆದರಿಕೆ ಬೇಡ. ತುದಿ 1 ಮಿ.ಮೀ. ಇದ್ದರೆ ಸುಮಾರು 25 ಮಿ.ಮೀ. ಸುತ್ತಳತೆಯಲ್ಲಿ ಆರೂ ಸೇರಿ ಮುಚ್ಚುವುದು ಕಾಲುಭಾಗ ಅಂಚನ್ನಷ್ಟೆ. ಹೊಳಪು ಕೊಡುವ ಮೇಲಿನ ಅಗಲ ಮುಖವನ್ನು ಅವು ಮುಟ್ಟುವುದೇ ಇಲ್ಲ.

ಎಷ್ಟು ಪ್ರಾಂಗ್ ಎನ್ನುವುದಕ್ಕಿಂತ ಹರಳು ಹೇಗೆ ಕೂತಿದೆ ಎನ್ನುವುದು ಮುಖ್ಯ. ಉಂಗುರ ಕೈಗೆ ಬಂದಾಗ 10 ಪಟ್ಟು ದೊಡ್ಡದು ಮಾಡುವ ಲೂಪ್ ಕೇಳಿ, ಪಕ್ಕದಿಂದ ನೋಡಿ. ಪ್ರತಿ ಪ್ರಾಂಗಿನ ಒಳಮೈಯಲ್ಲಿ ಅಂಚು ಕೂರಲು ಒಂದು ಕಚ್ಚು ಕೊರೆದಿರುತ್ತಾರೆ. ಅದರ ಆಳ ಪ್ರಾಂಗಿನ ದಪ್ಪದ ಮೂರನೇ ಒಂದು ಭಾಗ ಇದ್ದರೆ ಸರಿ. ಅರ್ಧ ದಾಟಿದ್ದರೆ ಆ ಪ್ರಾಂಗ್ ಅಲ್ಲೇ ಒಂದು ದಿನ ಮುರಿಯುತ್ತದೆ. ಕಚ್ಚುಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ, ಕೂರಿಸುವವರು ಹರಳನ್ನು ಬಲವಂತವಾಗಿ ಒತ್ತಿ ಸಮ ಮಾಡಿರುತ್ತಾರೆ. ಅಂಚು ಚಕ್ಕೆ ಏಳುವುದು ಆಗಲೇ, ಮತ್ತು ಆ ಚಕ್ಕೆ ಪ್ರಾಂಗಿನ ಕೆಳಗೇ ಅಡಗಿಬಿಡುತ್ತದೆ. ತುದಿ ಹರಳಿನ ಮೇಲೆ ಮಲಗಿದಂತಿರಬೇಕು, ನಡುವೆ ಬೆಳಕಿನ ಗೆರೆ ಕಾಣಬಾರದು. ಲೂಪ್ ಇಲ್ಲದಿದ್ದರೆ ಒಂದು ಚೂರು ಹತ್ತಿಯನ್ನು ಪ್ರಾಂಗುಗಳ ಮೇಲೆ ಮೆಲ್ಲಗೆ ಸವರಿ. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ತುದಿ ಎದ್ದಿದೆ ಎಂದರ್ಥ.

ವಜ್ರದ ಪ್ರಮಾಣಪತ್ರದಲ್ಲಿ ಗರ್ಡಲ್ ‘ವೆರಿ ಥಿನ್’ ಅಥವಾ ‘ಎಕ್ಸ್‌ಟ್ರೀಮ್ಲಿ ಥಿನ್’ ಎಂದಿದ್ದರೆ ಮಾತ್ರ ನಮ್ಮ ಸಲಹೆ ಬೇರೆ. ಅಂಥ ಹರಳಿಗೆ ಪ್ರಾಂಗ್ ಬೇಡವೇ ಬೇಡ, ಸುತ್ತಲೂ ಲೋಹದ ಪಟ್ಟಿ ಬರುವ ಬೆಜೆಲ್ ಕಟ್ಟು ಮಾಡಿಸಿ.

ಪ್ರಶ್ನೆ: ಉಂಗುರ 22 ಕ್ಯಾರಟ್ ಚಿನ್ನದಲ್ಲೇ ಆಗಬೇಕು ಎಂದು ಮನೆಯಲ್ಲಿ ಹಿರಿಯರ ಆಸೆ. ದೊಡ್ಡ ಹರಳಿಗೆ ಆಗುತ್ತದೆಯೇ? (ಶಿವಮೊಗ್ಗ)

ಉತ್ತರ: ಬೆಜೆಲ್ ಕಟ್ಟಿಗೆ ಆಗುತ್ತದೆ, ಪ್ರಾಂಗಿಗೆ ಆಗುವುದಿಲ್ಲ. 22 ಕ್ಯಾರಟ್ ಮೆದು. ಬಸ್ಸಿನ ಕಂಬಿ ಹಿಡಿದರೂ, ಕುಕ್ಕರಿನ ಹಿಡಿ ತಗುಲಿದರೂ ಪ್ರಾಂಗ್ ಬಾಗುತ್ತದೆ. ಹಿರಿಯರಿಗೆ ಈ ಲೆಕ್ಕ ತೋರಿಸಿ: 5 ಗ್ರಾಂ ಉಂಗುರದಲ್ಲಿ 22 ಕ್ಯಾರಟ್‌ಗೂ 18 ಕ್ಯಾರಟ್‌ಗೂ ಇರುವ ಅಪ್ಪಟ ಚಿನ್ನದ ವ್ಯತ್ಯಾಸ ಸುಮಾರು 0.83 ಗ್ರಾಂ. ಅಷ್ಟು ಚಿನ್ನದ ಆಸೆಗೆ ಲಕ್ಷಗಟ್ಟಲೆಯ ಹರಳನ್ನು ಅಪಾಯಕ್ಕೆ ಒಡ್ಡಬಾರದು. 18 ಕ್ಯಾರಟ್‌ನದ್ದಕ್ಕೂ ಬಿಐಎಸ್ ಹಾಲ್‌ಮಾರ್ಕ್, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರುತ್ತದೆ. 750 ಎಂಬ ಗುರುತು ನೋಡಿಕೊಳ್ಳಿ.

ನಮ್ಮ ಮೆಚ್ಚಿನ ಜೋಡಿ ಎಂದರೆ ಉಂಗುರದ ಬಳೆ (ಬೆರಳನ್ನು ಸುತ್ತುವ ಭಾಗ) 18 ಕ್ಯಾರಟ್ ಹಳದಿ ಚಿನ್ನ, ಹರಳು ಕೂರುವ ತಲೆ ಮಾತ್ರ ಪ್ಲಾಟಿನಂ. ಪ್ಲಾಟಿನಂ ಗೀಚಿದರೂ ಲೋಹ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಚಿನ್ನದಷ್ಟು ಸವೆಯುವುದಿಲ್ಲ, ಪ್ರಾಂಗುಗಳು ಬಹಳ ವರ್ಷ ಬರುತ್ತವೆ. ಬಣ್ಣದ ವಿಷಯವೂ ಇದೆ. ಡಿ, ಇ, ಎಫ್ ದರ್ಜೆಯ ಬಿಳಿ ಹರಳಿನೊಳಗೆ ಹಳದಿ ಪ್ರಾಂಗಿನ ಛಾಯೆ ಬೀಳುತ್ತದೆ. ಹರಳು ದೊಡ್ಡದಾದಷ್ಟೂ ಇದು ಎದ್ದು ಕಾಣುತ್ತದೆ. ಕೆ, ಎಲ್ ದರ್ಜೆಯದಾದರೆ ತಿರುಗುಮುರುಗು: ಬಿಳಿ ಲೋಹದ ಪಕ್ಕ ಹರಳಿನ ಹಳದಿ ಬಯಲಾಗುತ್ತದೆ, ಹಳದಿ ಚಿನ್ನದಲ್ಲಿ ಬೆಚ್ಚಗೆ ಹೊಂದಿಕೊಳ್ಳುತ್ತದೆ.

ಪ್ರಶ್ನೆ: ನಾನಿರುವುದು ಟೊರಾಂಟೊದಲ್ಲಿ. 3 ಕ್ಯಾರಟ್ ಹರಳು. ಚಳಿಗಾಲದಲ್ಲಿ ಉಂಗುರ ಕೈಗವಸಿಗೆ ಸಿಕ್ಕಿಕೊಳ್ಳುತ್ತದೆ, ಬೆರಳಲ್ಲಿ ತಿರುಗುತ್ತದೆ. ಎಷ್ಟು ತಗ್ಗಿಸಿ ಕೂರಿಸಬಹುದು?

ಉತ್ತರ: 3 ಕ್ಯಾರಟ್ ಹರಳು ಸುಮಾರು 9.3 ಮಿ.ಮೀ. ಅಗಲ. ಆಳ ಅದರ 61 ಶೇಕಡಾ ಎಂದರೂ 5.7 ಮಿ.ಮೀ. ಕೆಳಗಿನ ಮೊನೆ ಬೆರಳಿಗೆ ಚುಚ್ಚದಂತೆ 0.5ರಿಂದ 1 ಮಿ.ಮೀ. ಬಿಡಬೇಕು. ಹಾಗಾಗಿ ಹರಳಿನ ನೆತ್ತಿ ಬೆರಳಿನಿಂದ 6.2ರಿಂದ 6.7 ಮಿ.ಮೀ. ಮೇಲಿರುವುದು ಅನಿವಾರ್ಯ, ಇದಕ್ಕಿಂತ ತಗ್ಗಿಸಲು ಬರುವುದಿಲ್ಲ. ಈಗಿರುವ ಉಂಗುರವನ್ನು ಅಳೆಸಿ. 8 ಮಿ.ಮೀ. ಮೀರಿದ್ದರೆ ಹೊಸ ತಲೆ ಹಾಕಿಸಿ ಇಳಿಸಬಹುದು. ಆದರೆ ತಗ್ಗಿಸಿದ ತಲೆಯ ಪಕ್ಕ ನೇರ ಮದುವೆಯುಂಗುರ ಅಂಟಿ ನಿಲ್ಲುವುದಿಲ್ಲ, ಸಂದಿ ಬೀಳುತ್ತದೆ. ಎರಡನ್ನೂ ಒಂದೇ ಬೆರಳಿಗೆ ಹಾಕುವವರಾದರೆ ಆ ಉಂಗುರಕ್ಕೆ ಸ್ವಲ್ಪ ಬಾಗು ಕೊಡಿಸಬೇಕಾಗುತ್ತದೆ.

ಕೈಗವಸಿನ ಉಣ್ಣೆಗೆ ಸಿಕ್ಕುವುದು ಉಗುರಿನಂತೆ ಚೂಪಾದ ತುದಿಗಳು. ದುಂಡನೆ ತುದಿ ಮಾಡಿಸಿ, ಇಲ್ಲವೇ ಬೆಜೆಲ್‌ಗೆ ಬನ್ನಿ. ತಿರುಗುವುದಕ್ಕೆ ಎರಡು ಕಾರಣ: ಚಳಿಗೆ ಬೆರಳು ಕುಗ್ಗುತ್ತದೆ, ತಲೆಭಾರಕ್ಕೆ ತಕ್ಕ ಬಳೆ ಇರುವುದಿಲ್ಲ. ಬಳೆ 2.2ರಿಂದ 2.5 ಮಿ.ಮೀ. ಅಗಲ, ಅಂಗೈ ಕಡೆ 1.8 ಮಿ.ಮೀ. ದಪ್ಪ ಇರಲಿ. ನವಿರಾಗಿ ಕಾಣಲೆಂದು 1.5 ಮಿ.ಮೀ. ಬಳೆಗೆ 3 ಕ್ಯಾರಟ್ ಕೂರಿಸುವುದು ಈಗ ಬಹಳ ಬಳಕೆಯಲ್ಲಿದೆ. ಅಂಥ ಬಳೆ ಬಾಗುತ್ತದೆ, ಬಾಗಿದಾಗ ಪ್ರಾಂಗುಗಳೂ ಸಡಿಲವಾಗುತ್ತವೆ. ಬಳೆಯ ಒಳಗೆ, ಗಡಿಯಾರದ 4 ಮತ್ತು 8 ಗಂಟೆಯ ಜಾಗದಲ್ಲಿ, ಎರಡು ಪುಟ್ಟ ಗುಂಡು ಬೆಸೆಸಿದರೆ ಗೆಣ್ಣು ದಾಟಿದ ಮೇಲೂ ಉಂಗುರ ನೆಟ್ಟಗೆ ನಿಲ್ಲುತ್ತದೆ. ಬೆರಳಿನ ಅಳತೆಯನ್ನು ಹೊರಗಿನಿಂದ ಬಂದ ಕೂಡಲೇ ಕೊಡಬೇಡಿ. ಮನೆಯೊಳಗೆ ಕೈ ಬೆಚ್ಚಗಾದ ಮೇಲೆ, ಸಂಜೆ ಹೊತ್ತಿಗೆ ಕೊಡಿ.

ಪ್ರಶ್ನೆ: ಶುಕ್ರನಿಗಾಗಿ ಧರಿಸುವ ವಜ್ರ ಚರ್ಮಕ್ಕೆ ತಾಗಬೇಕು ಎನ್ನುತ್ತಾರೆ. ಹಾಗೆ ಕೂರಿಸಬಹುದೇ? (ಉಡುಪಿ)

ಉತ್ತರ: ತಳ ತೆರೆದಿರುವ ಕಟ್ಟಿನಲ್ಲಿ ಮೊನೆಯನ್ನು ಬೆರಳಿನ ಮಟ್ಟಕ್ಕೆ ತರಬಹುದು. ತೊಂದರೆ ಎಂದರೆ, ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಗಣಿಗಳಲ್ಲಿ ಜಿಡ್ಡು ಬಳಿದ ಹಲಗೆಯ ಮೇಲೆ ಪುಡಿಗಲ್ಲು, ನೀರು ಹರಿಸಿ ವಜ್ರ ಮಾತ್ರ ಅಂಟಿಕೊಳ್ಳುವಂತೆ ಮಾಡುತ್ತಿದ್ದದ್ದು ಇದೇ ಗುಣದಿಂದ. ಚರ್ಮದ ಎಣ್ಣೆ ತಳದ ಮುಖಗಳಿಗೆ ಹತ್ತಿದರೆ ಬೆಳಕು ಸೋರಿ ಹರಳು ಮಂಕಾಗುತ್ತದೆ. ತಾಗಿಸಲೇಬೇಕೆಂದಿದ್ದರೆ ವಾರಕ್ಕೊಮ್ಮೆ ತಳ ತೊಳೆಯುವ ಅಭ್ಯಾಸ ಇಟ್ಟುಕೊಳ್ಳಿ, ತಳದ ಕಿಂಡಿ ಬ್ರಷ್ ಹೋಗುವಷ್ಟು ಅಗಲವಾಗಿರಲಿ.

ಪ್ರಶ್ನೆ: ಅಜ್ಜಿಯ ಕಾಲದ ಉಂಗುರದಲ್ಲಿ ದೊಡ್ಡ ದುಂಡು ವಜ್ರವಿದೆ, ತಳ ಮುಚ್ಚಿದ ಕಟ್ಟು. ಹರಳು ಬಿಡಿಸಿ ಹೊಸ ಉಂಗುರ ಮಾಡಿಸಬೇಕು. ಏನು ಎಚ್ಚರ ವಹಿಸಬೇಕು? (ಮೈಸೂರು)

ಉತ್ತರ: ಹರಳು ಬಿಡಿಸುವಾಗ ನೀವು ಎದುರಿಗೇ ಇರಿ. ಹಳೆಯ ಮುಚ್ಚುಕಟ್ಟಿನಲ್ಲಿ ಹರಳಿನ ಕೆಳಗೆ ಅರಗು ಇರಬಹುದು, ಉರಿ ಹಿಡಿದು ಬಿಡಿಸಲು ಬಿಡಬೇಡಿ. ಚಿನ್ನದ ಅಂಚನ್ನು ಕತ್ತರಿಸಿ ಬಿಡಿಸುವುದೇ ಸರಿ. ಹೊಸ ಕಟ್ಟು ಮಾಡುವಾಗಲೂ ಬೆಸುಗೆಯ ಕೆಲಸವೆಲ್ಲ ಹರಳು ಕೂರಿಸುವ ಮೊದಲೇ ಮುಗಿಯಬೇಕು. ಗಾಳಿಯಲ್ಲಿ ವಿಪರೀತ ಕಾದರೆ ವಜ್ರದ ಮೈ ಸುಟ್ಟು ಹಾಲಿನಂತೆ ಬೆಳ್ಳಗಾಗುತ್ತದೆ, ಮತ್ತೆ ಸಾಣೆ ಹಿಡಿಯದೆ ಹೋಗುವುದಿಲ್ಲ.

ಬಿಡಿಯಾದ ಮೇಲೆ ತೊಳೆಸಿ. ತೂಕ ಕ್ಯಾರಟ್‌ನ ನೂರನೇ ಭಾಗದವರೆಗೆ, ಅಗಲ ಎರಡು ಕಡೆಯಿಂದ, ಆಳ ಎಲ್ಲವನ್ನೂ ರಸೀತಿಯಲ್ಲಿ ಬರೆಸಿ. ಒಳಗಿನ ಚುಕ್ಕೆ, ಅಂಚಿನ ಚಕ್ಕೆಗಳ ಫೋಟೊ ತೆಗೆದುಕೊಳ್ಳಿ. ಹಿಂದಿರುಗಿ ಬಂದ ಹರಳು ನಿಮ್ಮದೇ ಎಂದು ಹೇಳಲು ಬೇಕಾದ ಆಧಾರ ಇದೇ.

ಹಳೆಯ ಕಡಿತದ ಹರಳು ಅಚ್ಚುಕಟ್ಟಾದ ದುಂಡು ಇರುವುದು ಅಪರೂಪ. ಒಂದು ಕಡೆ 8.4, ಇನ್ನೊಂದು ಕಡೆ 8.1 ಮಿ.ಮೀ. ಎಂದು ಬಂದರೆ ಗಾಬರಿಯಾಗಬೇಡಿ. ಮೇಲಿನಿಂದ ನೋಡಿದರೆ ನಟ್ಟನಡುವೆ ಒಂದು ಪುಟ್ಟ ಕಪ್ಪು ವೃತ್ತ ಕಂಡೀತು. ಅದು ಕಲೆಯಲ್ಲ, ತಳದ ಮೊನೆಯನ್ನು ಆಗ ಚಪ್ಪಟೆ ಕಡೆಯುತ್ತಿದ್ದರು. ಇಂಥ ಹರಳಿಗೆ ಅಚ್ಚಿನಲ್ಲಿ ತಯಾರಾದ ರೆಡಿಮೇಡ್ ತಲೆ ಹೊಂದುವುದಿಲ್ಲ, ಹರಳನ್ನೇ ಮುಂದಿಟ್ಟುಕೊಂಡು ಕಟ್ಟು ಮಾಡಬೇಕು. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಬೆಜೆಲ್ ಒಳ್ಳೆಯದು. ಪಟ್ಟಿಯ ದಪ್ಪ 0.8 ಮಿ.ಮೀ. ಇರಲಿ, ಪಕ್ಕಗಳಲ್ಲಿ ಕಿಂಡಿ ಬಿಡಿಸಿ. ಹೊಸ ಮಾದರಿಗೆ ಮರುಕಡಿತ ಮಾಡಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ತೂಕ ಹೋಗುತ್ತದೆ, ಅಜ್ಜಿಯ ಬೆರಳಲ್ಲಿ ದೀಪದ ಬೆಳಕಿಗೆ ಹೊಳೆಯುತ್ತಿದ್ದ ಆ ದೊಡ್ಡ ದೊಡ್ಡ ಮಿಂಚೂ ಹೋಗುತ್ತದೆ.

ಪ್ರಶ್ನೆ: 2.5 ಕ್ಯಾರಟ್ ಹರಳಿನ ಸುತ್ತ ಚಿಕ್ಕ ವಜ್ರಗಳ ಹೇಲೋ ಬೇಕೇ? (ದಾವಣಗೆರೆ)

ಉತ್ತರ: ಬೇಡ. ಚಿಕ್ಕ ಹರಳನ್ನು ದೊಡ್ಡದಾಗಿ ತೋರಿಸಲು ಹೇಲೋ. ನಿಮ್ಮದು ಆಗಲೇ 8.7 ಮಿ.ಮೀ. ಹೇಲೋ ಸೇರಿದರೆ 11 ಮಿ.ಮೀ. ದಾಟಿ ಪಕ್ಕದ ಬೆರಳಿಗೆ ಉಜ್ಜುತ್ತದೆ, ಮೊದಲು ಉದುರುವುದೂ ಆ ಚಿಕ್ಕವೇ. ಮಿನುಗು ಬೇಕಿದ್ದರೆ ಬಳೆಯ ಮೇಲಿನ ಅರ್ಧಕ್ಕೆ ಮಾತ್ರ 1.5 ಮಿ.ಮೀ. ಹರಳು ಹಾಕಿಸಿ. ಪೂರ್ತಿ ಸುತ್ತ ಹಾಕಿಸಿದರೆ ಮುಂದೆ ಅಳತೆ ಬದಲಿಸಲು ಆಗುವುದಿಲ್ಲ.

ಪ್ರಶ್ನೆ: ದಿನವೂ ಹಾಕುವ ವಜ್ರದ ಉಂಗುರವನ್ನು ಮನೆಯಲ್ಲಿ ತೊಳೆಯುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ ಹಾಕಿ 20 ನಿಮಿಷ ನೆನೆಸಿ. ಮಕ್ಕಳ ಮೆದು ಟೂತ್‌ಬ್ರಷ್‌ನಿಂದ ತಳದ ಕಡೆಯಿಂದ ಉಜ್ಜಿ. ಮಂಕು ಕೂರುವುದು ಅಲ್ಲಿ, ಮೇಲಲ್ಲ. ಸಿಂಕಿನಲ್ಲಿ ಬೇಡ, ಬಟ್ಟಲಲ್ಲಿ ತೊಳೆಯಿರಿ. ಬ್ಲೀಚ್, ಈಜುಕೊಳದ ಕ್ಲೋರಿನ್ ನೀರು ಚಿನ್ನದ ಮಿಶ್ರಲೋಹವನ್ನು, ಅದರಲ್ಲೂ ಬಿಳಿ ಚಿನ್ನವನ್ನು ತಿನ್ನುತ್ತವೆ. ಚಪಾತಿ ಹಿಟ್ಟು ಕಲಸುವಾಗ ಉಂಗುರ ತೆಗೆದಿಡಿ. ತೊಳೆದು ಒರೆಸಿದ ಮೇಲೆ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಹರಳು ಅಲುಗುತ್ತಿದೆ, ಆ ದಿನವೇ ಕಳಚಿ ಡಬ್ಬಿಯಲ್ಲಿಟ್ಟು ಅಕ್ಕಸಾಲಿಗರಲ್ಲಿಗೆ ಒಯ್ಯಿರಿ. ಸದ್ದು ಬಾರದಿದ್ದರೂ ಆರು ತಿಂಗಳಿಗೊಮ್ಮೆ ಪ್ರಾಂಗುಗಳನ್ನು ಲೂಪಿನಲ್ಲಿ ತೋರಿಸಿ.