ಬೆಳ್ಳಿ ಪೆನ್ನಿ ಲೇಖನ ಕಳಿಸಿದವರಿಗೆ

ಪ್ರಿಯರೇ,

ಇಂಗ್ಲೆಂಡಿನ ದೊರೆ ಎರಡನೇ ಎಥೆಲ್‌ರೆಡ್‌ನ (ಕ್ರಿ.ಶ. 978–1016) ಪೆನ್ನಿ ಎಂಬ ಬೆಳ್ಳಿ ನಾಣ್ಯಗಳ ಬಗ್ಗೆ ನೀವು ಬರೆದದ್ದನ್ನು ಓದಿದೆ. ಭಾಷೆ ತಿಳಿಯಾಗಿದೆ, ದಾಳಿ ಮಾಡುತ್ತಿದ್ದ ಡೇನರಿಗೆ ಕಪ್ಪ ಕೊಟ್ಟ ಭಾಗ ಚೆನ್ನಾಗಿ ಬಂದಿದೆ. ಆದರೆ ಟಂಕಸಾಲೆಯ ಪ್ಯಾರಾ ಓದಿ ಕಸಿವಿಸಿಯಾಯಿತು. ಅದನ್ನು ಹಾಗೇ ಪ್ರಕಟಿಸಲಾರೆ.

“ಕರಗಿದ ಬೆಳ್ಳಿಯನ್ನು ಅಚ್ಚಿಗೆ ಸುರಿದು ನಾಣ್ಯ ತೆಗೆಯುತ್ತಿದ್ದರು” ಎಂದಿದ್ದೀರಿ. ಆ ನಾಣ್ಯದ ಅಗಲ ಸುಮಾರು 2 ಸೆಂ.ಮೀ., ತೂಕ ಒಂದೂವರೆ ಗ್ರಾಂ ಆಸುಪಾಸು. ಲೆಕ್ಕ ಹಾಕಿ, ದಪ್ಪ ಅರ್ಧ ಮಿಲಿಮೀಟರ್ ಬರುತ್ತದೆ. ಅಷ್ಟು ಕಿರಿದಾದ ಸಂದಿಯಲ್ಲಿ ಬೆಳ್ಳಿ ಅಂಚು ಮುಟ್ಟುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ಎರಕದ ನಾಣ್ಯದ ಮೈಮೇಲೆ ಗಾಳಿಗುಳ್ಳೆಯ ಕುಳಿ, ಅಂಚಿನಲ್ಲಿ ಜೋಡಣೆಯ ಗೆರೆ ಉಳಿಯುತ್ತವೆ. ಬಲ್ಲವರು ನಕಲಿಯನ್ನು ಹಿಡಿಯುವುದೇ ಇವುಗಳಿಂದ. ನೀವು ವಿವರಿಸಿರುವುದು ಕಳ್ಳನಾಣ್ಯ ಮಾಡುವ ಬಗೆ.

ಬೆಳ್ಳಿಯನ್ನು ಕರಗಿಸಿ, ಗಟ್ಟಿ ಮಾಡಿ, ಬಡಿದು ತಗಡಾಗಿಸಿ, ಅದರಿಂದ ಬಿಲ್ಲೆ ಕತ್ತರಿಸುತ್ತಿದ್ದರು. ಮುದ್ರೆಯೊತ್ತುವ ಎರಡು ಕಬ್ಬಿಣದ ಅಚ್ಚುಗಳಲ್ಲಿ ಕೆಳಗಿನದಕ್ಕೆ ಚೂಪಾದ ಬುಡ. ಅದನ್ನು ಮರದ ದಿಮ್ಮಿಗೆ ನೆಟ್ಟು, ಮೇಲೆ ಬಿಲ್ಲೆ ಇಟ್ಟು, ಮೇಲಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುವುದು. ಯಾರ್ಕ್‌ನ ಕಾಪರ್‌ಗೇಟ್ ಬೀದಿಯ ಉತ್ಖನನದಲ್ಲಿ ಹತ್ತನೇ ಶತಮಾನದ ಇಂಥ ಅಚ್ಚುಗಳೂ, ಸೀಸದ ಮೇಲೆ ಹೊಡೆದು ನೋಡಿದ ತುಂಡುಗಳೂ ಸಿಕ್ಕಿವೆ.

ಮುಂದಿನ ವಾಕ್ಯ: “ಕೆಲಸಗಾರರ ಅಜಾಗರೂಕತೆಯಿಂದ ಅಕ್ಷರಗಳು ಮಸುಕಾಗಿವೆ.” ನಾನು ಕರಡು ತಿದ್ದಲು ಕಲಿತ ಕಚೇರಿಯಲ್ಲಿ ಹಿರಿಯರೊಬ್ಬರು ಇಂಥ ವಾಕ್ಯದ ಪಕ್ಕ “ಹೇಗೆ?” ಎಂದಷ್ಟೇ ಗೀಚಿ ಹಿಂತಿರುಗಿಸುತ್ತಿದ್ದರು. ನಿಮ್ಮದರ ಪಕ್ಕವೂ ಅದನ್ನೇ ಬರೆದಿದ್ದೇನೆ. ಮೇಲಚ್ಚು ವಾಲಿದರೆ ಒಂದು ಬದಿ ಆಳವಾಗಿ ಮೂಡಿ ಎದುರು ಬದಿ ಪೇಲವವಾಗುತ್ತದೆ. ಎರಡು ಏಟಿನ ನಡುವೆ ಬಿಲ್ಲೆ ಜರುಗಿದರೆ ಅಕ್ಷರ ಜೋಡಿಯಾಗಿ ಕಾಣುತ್ತದೆ. ಅಚ್ಚೇ ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ, ತಗ್ಗಲ್ಲ. ನಿಮ್ಮ ಚಿತ್ರದಲ್ಲಿ ಎಡಬದಿಯಷ್ಟೇ ಮಸುಕಿದೆ, ಮೇಲಚ್ಚು ವಾಲಿರಬೇಕು. ನಾಣ್ಯದ ಹೊಣೆ ಹೊತ್ತ ಟಂಕಕಾರನ ಹೆಸರು, ಟಂಕಿಸಿದ ಊರು ಎರಡೂ ಹಿಂಬದಿಯಲ್ಲಿ ಇರುತ್ತಿದ್ದವು. ಅದಕ್ಕೂ ಹಿಂದೆಯೇ, ಎಥೆಲ್‌ಸ್ಟನ್ ದೊರೆ ಗ್ರೇಟ್ಲಿ ಎಂಬ ಊರಿನಲ್ಲಿ ಹೊರಡಿಸಿದ ಕಟ್ಟಳೆ ಖೋಟಾ ಮಾಡಿದ ಟಂಕಕಾರನ ಕೈ ಕತ್ತರಿಸಿ ಟಂಕಸಾಲೆಯ ಮೇಲೆ ಇಡಬೇಕೆಂದು ವಿಧಿಸಿತ್ತು. ಇಂಥ ಕಟ್ಟಿನಲ್ಲಿ ದುಡಿದವರನ್ನು ಒಂದೇ ಮಾತಿನಲ್ಲಿ ಬೇಜವಾಬ್ದಾರರು ಎನ್ನಬೇಡಿ.

“ಕಳ್ಳರು ತುಂಡರಿಸಿದ ಅರ್ಧ ನಾಣ್ಯ” ಎಂಬುದನ್ನೂ ತೆಗೆಯಿರಿ. ಕಳ್ಳರು ಅಂಚನ್ನು ಸುತ್ತಲೂ ಹೆರೆಯುತ್ತಾರೆ. ಹಿಂಬದಿಯ ಶಿಲುಬೆಯ ಗೆರೆಗುಂಟ ನೇರವಾಗಿ ಕತ್ತರಿಸಿದ್ದರೆ ಅದು ಚಿಲ್ಲರೆ: ಅರ್ಧ ಪೆನ್ನಿ, ಕಾಲು ಪೆನ್ನಿ. ಇಷ್ಟನ್ನು ತಿದ್ದಿ ಮತ್ತೆ ಕಳಿಸಿ, ಓದುತ್ತೇನೆ.